ಡಬ್ಲ್ಯುಎಲ್‌ಎ ಕ್ರ್ಯಾಂಕ್ ಮನೆಯಲ್ಲೇ ನೇರವಾಯಿತು

ಮೈಸೂರಿನಲ್ಲಿ ಅಪ್ಪನ ಎಜ್ಡಿ ಬೈಕಿನ ಕ್ರ್ಯಾಂಕನ್ನು, ಅಂದರೆ ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿಸುವ ದಂಡವನ್ನು, ಲೇತ್ ಸೆಂಟರುಗಳ ನಡುವೆ ಸಿಕ್ಕಿಸಿ, ತಾಮ್ರದ ಸುತ್ತಿಗೆಯಿಂದ ಎರಡೇಟು ಹಾಕಿ ನೇರ ಮಾಡುತ್ತಿದ್ದ ಮೇಸ್ತ್ರಿಯನ್ನು ನೋಡಿ ಬೆಳೆದವನು ನಾನು. ಹಾಗಾಗಿ ಅಮೆರಿಕದ ವಿಸ್ಕಾನ್ಸಿನ್‌ನ ಗೆಳೆಯನೊಬ್ಬ, ಹಾರ್ಲೆಯ ಫ್ಲೈವೀಲುಗಳನ್ನು (ಕ್ರ್ಯಾಂಕಿನ ಎರಡು ಭಾರದ ಚಕ್ರಗಳನ್ನು) ನೇರ ಮಾಡುವುದು ಮನೆಯಲ್ಲಿ ಆಗುವ ಕೆಲಸವಲ್ಲ ಎಂದಾಗ ನಕ್ಕುಬಿಟ್ಟೆ. ಆ ನಗುವಿಗೆ ಸುಮಾರು 400 ಡಾಲರ್ ತೆತ್ತೆ, ಅದು ಬೇರೆ ಮಾತು.

ನನ್ನದು 1942ರ ಡಬ್ಲ್ಯುಎಲ್‌ಎ, ಹಾರ್ಲೆ-ಡೇವಿಡ್‌ಸನ್ ಸೈನ್ಯಕ್ಕೆಂದು ಮಾಡಿದ ಗಾಡಿ. 45 ಘನ ಇಂಚು, ಅಂದರೆ 740 ಸಿಸಿ. ಸಿಲಿಂಡರುಗಳ ನಡುವಿನ ಕೋನವೂ 45 ಡಿಗ್ರಿ. ಶಕ್ತಿ 23–25 ಅಶ್ವಶಕ್ತಿ. ಇಂದಿನ 200 ಸಿಸಿ ಬೈಕಿಗೂ ಅಷ್ಟಿರುತ್ತದೆ. ಆದರೆ ಕಂಪ್ರೆಷನ್ ಅನುಪಾತ 5ರ ಆಸುಪಾಸಿನ ಈ ಸೈಡ್‌ವಾಲ್ವ್ ಎಂಜಿನ್ (ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವಂಥದ್ದು) ಎಂಥ ಪೆಟ್ರೋಲ್ ಕುಡಿದರೂ ಎಳೆಯುತ್ತದೆ. ಯುದ್ಧಕಾಲದಲ್ಲಿ ಸೋವಿಯತ್ ಒಕ್ಕೂಟಕ್ಕೇ ಇಂಥವು 30 ಸಾವಿರದಷ್ಟು ಹೋದವು. ಇದೇ 45ರ ಎಂಜಿನ್ ಮೂರು ಚಕ್ರದ ಸರ್ವಿಕಾರ್‌ನಲ್ಲಿ 1973ರವರೆಗೂ ಓಡಿತು. ಬಿಡಿಭಾಗಗಳು ಇವತ್ತಿಗೂ ಸಿಗುವುದು ಅದರ ಪುಣ್ಯದಿಂದ.

ಮೊದಲು ಕ್ರ್ಯಾಂಕನ್ನು ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆ. 600 ಡಾಲರ್ ಬಿಲ್. ಆದರೂ ಗಂಟೆಗೆ 45 ಮೈಲಿ ದಾಟಿದರೆ ನಡುಕಕ್ಕೆ ಫುಟ್‌ಬೋರ್ಡಿನ ಮೇಲೆ ಪಾದ ನಿಲ್ಲುತ್ತಿರಲಿಲ್ಲ. ಬಿಚ್ಚಿ ಡಯಲ್ ಗೇಜ್ ಇಟ್ಟರೆ ಮುಳ್ಳು ಆರು ಥೌ (ಇಂಚಿನ ಸಾವಿರದಲ್ಲೊಂದು ಭಾಗವೇ ಒಂದು ಥೌ) ಓಡಾಡಿತು. ಇರಬೇಕಾದದ್ದು ಒಂದರೊಳಗೆ!

ನಾನು ಮಾಡಿದ್ದೂ ಎರಡು ಸಲ ಕೆಟ್ಟಿತು. ನಟ್ಟುಗಳನ್ನು ಸಡಿಲವಾಗಿಟ್ಟು ನೇರ ಮಾಡಿದೆ. ಬಿಗಿ ಮಾಡುವಾಗ, ಎರಡು ಚಕ್ರಗಳನ್ನು ಜೋಡಿಸುವ ಪಿನ್ನಿನ ಟೇಪರ್ (ತುದಿಯತ್ತ ಸಪೂರವಾಗುವ ಭಾಗ) ಒಳಕ್ಕೆ ಎಳೆದುಕೊಂಡು ಎಲ್ಲ ಹಾಳಾಯಿತು. ಎರಡನೆಯ ಸಲ ಮುಕ್ಕಾಲು ಬಿಗಿ ಮಾಡಿಕೊಂಡೇ ಹೊಡೆದೆ. ಆದರೂ ಎರಡು ಥೌ ಜಗ್ಗಲಿಲ್ಲ. ಮೂರು ಸಂಜೆ ಹೋದ ಮೇಲೆ ಟೇಪರಿಗೆ ನೀಲಿ ಬಣ್ಣ ಬಳಿದು ತಿರುವಿ ನೋಡಿದೆ. ಅಂಚಿನಲ್ಲಿ ರಾಗಿಕಾಳಿನಷ್ಟು ಜಾಗದಲ್ಲಿ ಮಾತ್ರ ಬಣ್ಣ ಅಳಿಸಿ ಲೋಹ ಮಿನುಗುತ್ತಿತ್ತು. ಹಿಂದೆ ಯಾರೋ ಪಿನ್ ಕೀಳುವಾಗ ಎಬ್ಬಿಸಿದ ಲೋಹದ ಉಬ್ಬು! ಎಣ್ಣೆಕಲ್ಲಿನಲ್ಲಿ ಹತ್ತು ನಿಮಿಷ ಉಜ್ಜಿದೆ. ಆಮೇಲೆ ಸೀಸದ ಸುತ್ತಿಗೆಯ ನಾಲ್ಕೈದು ಏಟಿಗೆ ಅರ್ಧ ಥೌಗೆ ಬಂದು ಕೂತಿತು. ಗೇಜಿನ ಮುಳ್ಳು ಏರಿದ ಕಡೆ ಹೊಡೆಯಬೇಕೆಂಬುದು ನಿಮಗೂ ಗೊತ್ತು. ಹೊಡೆಯುವಾಗ ಎರಡು ಚಕ್ರಗಳ ನಡುವೆ ಏನು ಸಿಕ್ಕಿಸಿದ್ದೆ ಎಂಬುದು ನನ್ನಲ್ಲೇ ಇರಲಿ.

ನಡುವೆ ತಲೆ ಕೆಟ್ಟು ಸಿಲಿಂಡರ್ ಹೆಡ್ ಸವೆಸಿ ಕಂಪ್ರೆಷನ್ ಏರಿಸಿದ್ದೂ ಉಂಟು. ವಾಲ್ವಿನ ಮೇಲಿಂದ ಸಿಲಿಂಡರಿಗೆ ಗಾಳಿ ಹಾಯುವ ದಾರಿಯೇ ಕಿರಿದಾಗಿ, ವೇಗದಲ್ಲಿ ಎಂಜಿನ್‌ಗೆ ಉಸಿರು ಕಟ್ಟಿತು. ಹಿಂದಿನ ಸಿಲಿಂಡರ್ ಕಾದು ಕೆಂಡ. 120 ಡಾಲರ್ ನೀರುಪಾಲು. ಹಳೆಯ ಹೆಡ್ ಮತ್ತೆ ಕೂರಿಸಿದೆ.

ಈಗ 50 ಮೈಲಿ ವೇಗದಲ್ಲೂ ಕನ್ನಡಿಯಲ್ಲಿ ಹಿಂದಿನ ಕಾರಿನ ನಂಬರ್ ಓದಬಹುದು. ಆಗುವುದಿಲ್ಲ ಎಂದಿದ್ದ ಗೆಳೆಯ ಹ್ಯಾಂಡಲ್ ಹಿಡಿದು ನೋಡಿ, ಯಾವ ವರ್ಕ್‌ಶಾಪ್ ಎಂದು ಕೇಳಿದ. ಹೋದ ಭಾನುವಾರ ಅವನ ಫ್ಲೈವೀಲುಗಳೂ ಗೋಣಿಚೀಲದಲ್ಲಿ ಬಂದು ನನ್ನ ಮೇಜಿನ ಕೆಳಗೆ ಕೂತಿವೆ. ಕೂಲಿ ಎಷ್ಟೆಂದು ನಾನಿನ್ನೂ ಹೇಳಿಲ್ಲ.