ಲೆನ್ಸ್‌ನೊಳಗೇ ಮದ್ದು: ಹಾಕಿಕೊಳ್ಳುವುದು ಹೇಗೆ?

ಕಣ್ಣಿಗೆ ಹನಿಮದ್ದು ಬಿಟ್ಟುಕೊಂಡವರಿಗೆಲ್ಲ ಗೊತ್ತು, ಅರ್ಧ ಮದ್ದು ಕೆನ್ನೆಯ ಪಾಲು. ಲೆಕ್ಕ ನೋಡಿದರೆ ನಷ್ಟ ಇನ್ನೂ ದೊಡ್ಡದು. ಬಾಟಲಿಯಿಂದ ಬೀಳುವ ಒಂದು ಹನಿ ಸುಮಾರು 30ರಿಂದ 50 ಮೈಕ್ರೊಲೀಟರ್. ಕಣ್ಣಿನ ಮೇಲೆ ಸದಾ ಇರುವ ಕಣ್ಣೀರು 7 ಮೈಕ್ರೊಲೀಟರ್ ಆಸುಪಾಸು. ಪಾವು ಹಿಡಿಯುವಲ್ಲಿ ಸೇರು ಸುರಿದಂತೆ! ರೆಪ್ಪೆ ಬಡಿದಾಗ ಒಂದಷ್ಟು ಹೊರಗೆ ಹರಿಯುತ್ತದೆ, ಇನ್ನೊಂದಷ್ಟು ಮೂಗಿನ ಕಡೆಯ ಸಣ್ಣ ನಾಳದಲ್ಲಿ ಇಳಿದು ಗಂಟಲು ಕಹಿ ಮಾಡುತ್ತದೆ. ಕಣ್ಣಿನೊಳಕ್ಕೆ ಸೇರುವುದು ಸಾಮಾನ್ಯವಾಗಿ ನೂರಕ್ಕೆ ಐದು ಪಾಲಿಗಿಂತ ಕಡಿಮೆ.

ಈ ಸೋರಿಕೆಗೆ ಒಂದು ಉಪಾಯ ಕಣ್ಣಿನ ಮೇಲೆಯೇ ಕೂರುವ ಮೆದು ಲೆನ್ಸ್ (ಕಾಂಟ್ಯಾಕ್ಟ್ ಲೆನ್ಸ್). 1961ರಲ್ಲಿ ಚೆಕ್ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಯಂತ್ರ ಜೋಡಿಸಿ, ಪ್ರಾಗ್‌ನ ತಮ್ಮ ಮನೆಯಲ್ಲೇ ಇಂಥ ಲೆನ್ಸ್ ತಯಾರಿಸಿದರು. ನೀರು ಹೀರುವ ಆ ವಸ್ತು ಮದ್ದನ್ನೂ ಹೀರುತ್ತದೆ. ಕಣ್ಣಿನ ಮೇಲೆ ಕೂತು ಮೆಲ್ಲಗೆ ಬಿಟ್ಟುಕೊಡುತ್ತದೆ. ಲೆನ್ಸ್‌ಗೂ ಕಣ್ಣುಗುಡ್ಡೆಗೂ ನಡುವೆ ಸಿಕ್ಕಿಕೊಂಡ ಮದ್ದು ಬೇಗ ಕೊಚ್ಚಿಹೋಗುವುದಿಲ್ಲ.

ಈ ಬಗೆಯ ಲೆನ್ಸ್‌ಗೆ 2021ರಲ್ಲಿ ಜಪಾನ್, 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿಯ ಅಕ್ಯುವ್ಯೂ ಥೆರಾವಿಷನ್‌ನಲ್ಲಿ ಅಲರ್ಜಿಯ ತುರಿಕೆ ತಡೆಯುವ ಕೀಟೋಟಿಫೆನ್ ಇದೆ, ಲೆನ್ಸ್ ಒಂದಕ್ಕೆ 19 ಮೈಕ್ರೊಗ್ರಾಂ. ಸುಗಿ ಮರದ ಪರಾಗಕ್ಕೆ ಪ್ರತಿ ವಸಂತದಲ್ಲೂ ಜನ ಕಣ್ಣುಜ್ಜಿಕೊಳ್ಳುವ ಜಪಾನ್ ಮೊದಲು ಒಪ್ಪಿದ್ದರಲ್ಲಿ ನನಗೇನೂ ಅಚ್ಚರಿಯಿಲ್ಲ.

ಹಾಕುವ ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಇದು ದೃಷ್ಟಿದೋಷಕ್ಕೆ ಲೆನ್ಸ್ ಬೇಕಾದ, ಜೊತೆಗೆ ಅಲರ್ಜಿ ತುರಿಕೆಯಿರುವ ಕಣ್ಣಿಗೆ. ಕಣ್ಣು ಕೆಂಪಾಗಿದ್ದರೆ ಬೇಡ. ಲೆನ್ಸ್‌ನಿಂದಲೇ ಕಿರಿಕಿರಿಯಾಗಿದ್ದರೂ ಇದು ಮದ್ದಲ್ಲ.

ಸೋಪಿನಿಂದ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಿ. ಒದ್ದೆ ಬೆರಳಿಗೆ ಲೆನ್ಸ್ ಅಂಟಿಕೊಂಡು ಸತಾಯಿಸುತ್ತದೆ, ನಲ್ಲಿ ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯೂ ಇರಬಹುದು. ಅದು ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ತಗುಲಿದರೆ ದೃಷ್ಟಿಗೇ ಕುತ್ತು. ಆದ್ದರಿಂದ ಲೆನ್ಸ್ ಅನ್ನು ನೀರಿನಲ್ಲಿ ತೊಳೆಯಲೇಬೇಡಿ. ತೋರುಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ: ಬಟ್ಟಲಿನಂತೆ ಕಂಡರೆ ಸರಿ, ಅಂಚು ತಟ್ಟೆಯಂತೆ ಹೊರಚಾಚಿದ್ದರೆ ಒಳಹೊರಗಾಗಿದೆ. ಅದೇ ಕೈಯ ನಡುಬೆರಳಿನಿಂದ ಕೆಳರೆಪ್ಪೆ, ಇನ್ನೊಂದು ಕೈಯಿಂದ ಮೇಲಿನ ರೆಪ್ಪೆ ಹಿಡಿದು ಲೆನ್ಸ್ ಕೂರಿಸಿ. ಕೆಳಗೆ ನೋಡಿ, ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಮೊದಲ ಸಲ ರೆಪ್ಪೆ ಹಟ ಹಿಡಿಯುತ್ತದೆ. ಕೈ ಬಲಪ್ರಯೋಗ ಮಾಡಬಾರದು.

ತುರಿಕೆಗೆ ತಡೆ ಸುಮಾರು 12 ಗಂಟೆ. ಕಣ್ಣೊಂದಕ್ಕೆ ದಿನಕ್ಕೆ ಒಂದೇ ಲೆನ್ಸ್. ಬಿದ್ದುಹೋದರೆ ಆ ದಿನ ಮದ್ದಿಲ್ಲದ ಲೆನ್ಸ್ ಅಥವಾ ಕನ್ನಡಕ. ಮಲಗುವ ಮೊದಲು ತೆಗೆದು ಬಿಸಾಡಿ. ನೋವು, ಬೆಳಕು ಸಹಿಸದಿರುವುದು, ಮಂಜು ಮಂಜಾಗಿ ಕಾಣುವುದು, ಇವುಗಳಲ್ಲಿ ಯಾವುದು ಬಂದರೂ ತೆಗೆದು ವೈದ್ಯರಿಗೆ ತೋರಿಸಿ.

"ಹಾಗಾದರೆ ನನ್ನ ಲೆನ್ಸ್ ಅನ್ನೇ ಹನಿಮದ್ದಿನಲ್ಲಿ ನೆನೆಸಿಟ್ಟರಾಯಿತಲ್ಲ?" ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ಎಷ್ಟು ಹೀರಿತು, ಎಷ್ಟು ಹೊತ್ತಿನಲ್ಲಿ ಬಿಟ್ಟಿತು ಎಂಬುದಕ್ಕೆ ಮನೆಯಲ್ಲಿ ಅಳತೆಯಿಲ್ಲ. ಅನೇಕ ಹನಿಮದ್ದುಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವನ್ನೂ ಲೆನ್ಸ್ ಹೀರಿಕೊಂಡು ಕಾರ್ನಿಯಾಕ್ಕೆ ತಾಗಿಸುತ್ತಲೇ ಇರುತ್ತದೆ. ನಮ್ಮ ಕಣ್ಣಾಸ್ಪತ್ರೆಗಳಲ್ಲಿ ಕಾರ್ನಿಯಾದ ಗಾಯಕ್ಕೆ ಅದನ್ನು ಮುಚ್ಚಿ ಕಾಯುವ ಬ್ಯಾಂಡೇಜ್ ಲೆನ್ಸ್ ಹಾಕಿ ಮೇಲಿನಿಂದ ಹನಿ ಬಿಡುವುದುಂಟು. ಅದು ವೈದ್ಯರ ಕಣ್ಗಾವಲಿನಲ್ಲಿ ನಡೆಯುವ ಬೇರೆಯೇ ಚಿಕಿತ್ಸೆ.

ನನ್ನ ಕುತೂಹಲವೆಲ್ಲ ಗ್ಲಾಕೋಮಾದ ಕಡೆಗೆ, ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ರೋಗ ಅದು. ಅಲ್ಲಿ ಹನಿ ಮರೆತರೆ ದೃಷ್ಟಿ ಸದ್ದಿಲ್ಲದೆ ಕರಗುತ್ತದೆ. ಲ್ಯಾಟನೊಪ್ರೊಸ್ಟ್ ಮದ್ದಿನ ತೆಳುಪದರವನ್ನು ಲೆನ್ಸ್‌ನ ಅಂಚಿನ ಸುತ್ತ ಅಡಗಿಸಿ, ನೋಡಲು ನಡುಭಾಗ ತೆರವು ಬಿಟ್ಟ ಹಾರ್ವರ್ಡ್ ತಂಡ, ಗ್ಲಾಕೋಮಾ ಇರುವ ಕೋತಿಗಳಲ್ಲಿ ಕಣ್ಣಿನ ಒತ್ತಡ ಇಳಿದದ್ದನ್ನು 2016ರಲ್ಲಿ ವರದಿ ಮಾಡಿತು. ಆದರೆ ಕೈ ನಡುಗುವ ಅಜ್ಜನಿಗೆ ಅದನ್ನು ಹಾಕುವವರು ಯಾರು?

ಅಂಥ ಲೆನ್ಸ್ ಕೈಗೆ ಬರುವವರೆಗೆ ಬಾಟಲಿಯೇ ಗತಿ. ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಗಂಟಲು ಕಹಿಯಾಗದಿದ್ದರೆ ಕೈ ಸರಿಯಾದ ಜಾಗದಲ್ಲಿದೆ.