ಪೋಲ್ಡರ್ ಬಯಲಿನಲ್ಲಿ ನಾನು ಓಟದ ದಾರಿ ಗೊತ್ತುಮಾಡುವ ಬಗೆ

ನೆದರ್ಲ್ಯಾಂಡ್ಸ್‌ನ ಪಶ್ಚಿಮ ಭಾಗದ ನಕ್ಷೆಯನ್ನು ಮೊದಲ ಸಲ ಬಿಡಿಸಿ ನೋಡುವ ಓಟಗಾರರಿಗೆ, ಇಲ್ಲಿ ದಾರಿ ಹುಡುಕಲು ತಲೆ ಕೆಡಿಸಿಕೊಳ್ಳಬೇಕಾದ್ದೇನೂ ಇಲ್ಲ ಎನ್ನಿಸುವುದು ಸಹಜ. ಗುಡ್ಡವಿಲ್ಲ, ದಿಣ್ಣೆಯಿಲ್ಲ, ಊರು ದಾಟಿದೊಡನೆ ಕಣ್ಣು ಹರಿಯುವಷ್ಟು ದೂರ ಹುಲ್ಲುಗಾವಲು. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೀನ್‌ನಲ್ಲಿ ನೆಲೆಸಿ, ಸುತ್ತಲಿನ ಹಳ್ಳಿಗಾಡಿನಲ್ಲಿ ಕೆಲವು ವರ್ಷ ಓಡಿದ ಮೇಲೆ ನನಗೆ ಮನದಟ್ಟಾದ ಸಂಗತಿಯೆಂದರೆ, ಈ ನೆಲದಲ್ಲಿ ದಾರಿಯನ್ನು ನಿಶ್ಚಯಿಸುವವು ಎರಡು: ಸೇತುವೆ ಎಲ್ಲಿದೆ ಎಂಬುದು ಮತ್ತು ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂಬುದು. ಎಷ್ಟು ಕಿಲೋಮೀಟರ್, ಯಾವ ವೇಗ ಎಂಬ ಪ್ರಶ್ನೆಗಳೆಲ್ಲ ಆಮೇಲಿನವು.

ಪೋಲ್ಡರ್ ಎಂದರೆ ಸುತ್ತಲೂ ಏರಿ ಕಟ್ಟಿ, ಒಳಗಿನ ನೀರನ್ನು ಹೊರಹಾಕಿ ಸಾಗುವಳಿಗೆ ತಂದ ತಗ್ಗು ನೆಲ. ಹಿಂದೆ ಗಾಳಿಗಿರಣಿಗಳು ಮಾಡುತ್ತಿದ್ದ ಕೆಲಸವನ್ನು ಈಗ ಪಂಪ್‌ಹೌಸುಗಳು ಮಾಡುತ್ತವೆ, ಮತ್ತು ಆ ನೀರು ಪಂಪಿನವರೆಗೆ ಹರಿದು ಬರಲೆಂದು ಒಂದು ಹೊಲಕ್ಕೂ ಇನ್ನೊಂದು ಹೊಲಕ್ಕೂ ನಡುವೆ ಕಾಲುವೆ ತೋಡಿರುತ್ತಾರೆ. ಬೇಲಿಗಳು ಕಡಿಮೆ, ಏಕೆಂದರೆ ಹಸುಗಳನ್ನು ತಡೆಯಲು ಆ ಕಾಲುವೆಗಳೇ ಸಾಕು. ಅವು ಓಟಗಾರರನ್ನೂ ಅಷ್ಟೇ ಚೆನ್ನಾಗಿ ತಡೆಯುತ್ತವೆ. ಬೇಸಿಗೆಯಲ್ಲಿ ನೀರಿನ ಮೇಲೆ ಚಿಕ್ಕ ಚಿಕ್ಕ ಎಲೆಗಳ ಹಸಿರು ಪದರ ದಟ್ಟವಾಗಿ ಹರಡಿಕೊಂಡಾಗ ಕಾಲುವೆ ಯಾವುದು, ಹುಲ್ಲು ಯಾವುದು ಎಂದು ಹತ್ತು ಹೆಜ್ಜೆ ದೂರದಿಂದಲೂ ತಿಳಿಯುವುದಿಲ್ಲ. ಅಂಚಿನಲ್ಲಿ ನಿಂತ ಬೂದು ಬಕವನ್ನು ನೋಡಿಯೇ ಅಲ್ಲಿ ನೀರಿದೆಯೆಂದು ಊಹಿಸಬೇಕು. ಹೀಗಾಗಿ ಎದುರಿಗೆ ಎರಡು ಕಿಲೋಮೀಟರ್ ಆಚೆ ಸ್ಪಷ್ಟವಾಗಿ ಕಾಣುವ ಚರ್ಚಿನ ಗೋಪುರವನ್ನು ತಲುಪಲು ಐದಾರು ಕಿಲೋಮೀಟರ್ ಬಳಸಿಕೊಂಡು ಹೋಗಬೇಕಾಗುವುದು ಇಲ್ಲಿ ಸಾಮಾನ್ಯ. ಹೊಲಗಳ ನಡುವೆ ನೇರವಾಗಿ ಚಾಚಿಕೊಂಡು ಆಸೆ ಹುಟ್ಟಿಸುವ ಕಿರುದಾರಿಗಳಲ್ಲಿ ಹಲವು ರೈತರ ಮನೆಯಂಗಳದಲ್ಲೋ ಹಾಲು ಕರೆಯುವ ಕೊಟ್ಟಿಗೆಯ ಮುಂದೆಯೋ ಮುಗಿದುಹೋಗುತ್ತವೆ. ಗೇಟಿನ ಮೇಲೆ ದಂಡಸಂಹಿತೆಯ 461ನೆಯ ಕಲಮನ್ನು ಉಲ್ಲೇಖಿಸಿದ ಪ್ರವೇಶನಿಷೇಧದ ಫಲಕವಿದ್ದರೆ ಅದು ಅಲಂಕಾರಕ್ಕೆ ಹಾಕಿದ್ದಲ್ಲ, ಅಲ್ಲಿಂದ ಹಿಂದಿರುಗುವುದೇ ಸರಿ.

ಆದ್ದರಿಂದ ನಾನು ದಾರಿ ಗುರುತಿಸುವಾಗ ಮೊದಲು ನೀರಿನ ಗೆರೆಗಳನ್ನೂ ಅವುಗಳನ್ನು ದಾಟುವ ಸೇತುವೆಗಳನ್ನೂ ನೋಡುತ್ತೇನೆ. ರಸ್ತೆಗಳನ್ನು ಆಮೇಲೆ ಜೋಡಿಸುತ್ತೇನೆ. ಈ ಕೆಲಸದಲ್ಲಿ ಅತಿ ಹೆಚ್ಚು ನೆರವಾದದ್ದು ಸೈಕಲ್ ಸವಾರರಿಗಾಗಿ ದೇಶದುದ್ದಕ್ಕೂ ಹಾಕಿರುವ ಸಂಖ್ಯಾಫಲಕಗಳ ವ್ಯವಸ್ಥೆ. ದಾರಿಗಳು ಕೂಡುವ ಕಡೆಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು, ಅಲ್ಲಿಂದ ಮುಂದಿನ ಸಂಖ್ಯೆಗಳಿಗೆ ಬಾಣದ ಗುರುತು ಹಾಕಿರುತ್ತಾರೆ. ಮನೆಯಲ್ಲೇ ನಕ್ಷೆ ನೋಡಿ ನಾಲ್ಕೈದು ಸಂಖ್ಯೆಗಳನ್ನು ಪೆನ್ನಿನಿಂದ ಅಂಗೈಯ ಹಿಂಬದಿಯಲ್ಲಿ ಬರೆದುಕೊಂಡು ಹೊರಟರೆ ಫೋನನ್ನು ಜೇಬಿನಿಂದ ತೆಗೆಯುವ ಪ್ರಮೇಯವೇ ಬರುವುದಿಲ್ಲ. ನಡಿಗೆಯವರಿಗೂ ಇಂಥದೇ ಬೇರೆ ಜಾಲವಿದೆ. ಅದು ಹುಲ್ಲಿನ ಮೇಲೆ, ಏರಿಯ ನೆತ್ತಿಯ ಮೇಲೆ, ಕೆಲವೊಮ್ಮೆ ಖಾಸಗಿ ಹೊಲದೊಳಗಿಂದಲೂ ಹಾಯುತ್ತದೆ. ಆದರೆ ವಸಂತದಲ್ಲಿ ಹುಲ್ಲುಗಾವಲಿನ ಹಕ್ಕಿಗಳು ಮೊಟ್ಟೆಯಿಡುವ ಕಾಲಕ್ಕೆ ಅಂಥ ಹಲವು ದಾರಿಗಳನ್ನು ಮುಚ್ಚುತ್ತಾರೆ. ನಮ್ಮ ಟಿಟ್ಟಿಭದ ದಾಯಾದಿಯಾದ ಕೀವಿಟ್ ನೆಲದ ಮೇಲೆಯೇ ಗೂಡು ಮಾಡುವ ಹಕ್ಕಿ. ಗೂಡಿನ ಸಮೀಪ ಯಾರಾದರೂ ಸುಳಿದರೆ ತಲೆಯ ಮೇಲೆಯೇ ಹಾರಾಡುತ್ತ ಕಿರುಚುವ ಅದರ ಸ್ವಭಾವವನ್ನು ನಮ್ಮೂರ ಹೊಲಗದ್ದೆಗಳಲ್ಲಿ ಅಡ್ಡಾಡಿದವರು ಕೂಡಲೇ ಗುರುತಿಸಬಲ್ಲರು. ಮಾರ್ಚ್‌ನ ನಡುಭಾಗದಿಂದ ಜೂನ್‌ವರೆಗೆ ನಾನು ಹುಲ್ಲಿನ ದಾರಿಗಳನ್ನು ಲೆಕ್ಕದಿಂದಲೇ ತೆಗೆದುಬಿಡುತ್ತೇನೆ.

ಕಾನೂನಿನ ದೃಷ್ಟಿಯಲ್ಲಿ ಓಡುವವರು ಇಲ್ಲಿ ಪಾದಚಾರಿಗಳೇ. ಕಾಲುದಾರಿ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಸೈಕಲ್ ದಾರಿಯಲ್ಲಿ, ಅದೂ ಇಲ್ಲದಿದ್ದರೆ ರಸ್ತೆಯ ಅಂಚಿನಲ್ಲಿ ಓಡಬಹುದು. ಏರಿಯ ಮೇಲಿನ ಕಿರಿದಾದ ರಸ್ತೆಗಳಲ್ಲಿ ಎದುರು ಬರುವ ವಾಹನ ಕಾಣುವಂತೆ ಎಡಬದಿಯನ್ನು ಹಿಡಿಯುತ್ತೇನೆ. ರಜೆಯ ಬೆಳಿಗ್ಗೆ ಗುಂಪುಗುಂಪಾಗಿ ನುಗ್ಗಿ ಬರುವ ರೇಸಿಂಗ್ ಸೈಕಲ್ಲಿನವರ ವಿಷಯದಲ್ಲಿ ಮಾತ್ರ ಯಾವ ನಿಯಮವನ್ನೂ ನಂಬಿ ಕೂರದೆ ಹುಲ್ಲಿಗೆ ಇಳಿದುಬಿಡುವುದು ಕ್ಷೇಮ.

ಇನ್ನು ಗಾಳಿಯ ವಿಷಯ. ಸಮುದ್ರ ಹತ್ತಿರವಿದ್ದು, ತಡೆಯಲು ನಡುವೆ ಏನೂ ಇಲ್ಲದಿರುವುದರಿಂದ ಇಲ್ಲಿ ಗಾಳಿಯೇ ಗುಡ್ಡದ ಕೆಲಸ ಮಾಡುತ್ತದೆ. ಹೆಚ್ಚಾಗಿ ಬೀಸುವುದು ನೈಋತ್ಯದಿಂದ. ಎದುರುಗಾಳಿಯಲ್ಲಿ ಕಳೆದುಕೊಂಡ ಸಮಯವನ್ನು ಹಿಂದಿನಿಂದ ಬೀಸುವ ಗಾಳಿ ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಈ ವ್ಯವಹಾರದಲ್ಲಿ ಓಡುವವರಿಗೆ ಯಾವಾಗಲೂ ನಷ್ಟವೇ. ಬ್ಯೂಫೋರ್ಟ್ ಮಾಪನದಲ್ಲಿ ಐದು ಎಂದು ಹವಾಮಾನ ಮುನ್ಸೂಚನೆ ಹೇಳಿದ ದಿನ ನಾನು ವೇಗದ ಗುರಿಯನ್ನು ಕೈಬಿಟ್ಟು ಉಸಿರಿನ ಲಯವನ್ನಷ್ಟೇ ಗಮನಿಸುತ್ತೇನೆ. ಹೋಗಿ ಬರುವ ದಾರಿಯಾದರೆ ಹೋಗುವಾಗ ಎದುರುಗಾಳಿ ಇರುವಂತೆ ನೋಡಿಕೊಳ್ಳುತ್ತೇನೆ, ಏಕೆಂದರೆ ಬೆವರಿ ಒದ್ದೆಯಾದ ಮೇಲೆ ಚಳಿಗಾಳಿಗೆ ಮುಖವೊಡ್ಡಿ ಮರಳುವುದರಷ್ಟು ಹಿಂಸೆ ಇನ್ನೊಂದಿಲ್ಲ.

ಇದಕ್ಕಿಂತಲೂ ಸೊಗಸಾದ ಉಪಾಯವೆಂದರೆ ಮರಳದೇ ಇರುವುದು. ಒಂದು ರೈಲು ನಿಲ್ದಾಣದಿಂದ ಹೊರಟು, ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಇನ್ನೊಂದು ನಿಲ್ದಾಣದವರೆಗೆ ಓಡಿ, ರೈಲು ಹಿಡಿದು ಮನೆ ಸೇರುವುದು. ನೈಋತ್ಯದ ಗಾಳಿಗೆ ಆಬ್‌ಕೌಡೆಯಿಂದ ವೇಸ್ಪ್‌ವರೆಗಿನ ದಾರಿ ಹೇಳಿ ಮಾಡಿಸಿದಂತಿದೆ, ಏಕೆಂದರೆ ವೇಸ್ಪ್ ಇರುವುದು ಆಬ್‌ಕೌಡೆಯ ಈಶಾನ್ಯಕ್ಕೆ. ಆಬ್‌ಕೌಡೆ ಬಿಟ್ಟೊಡನೆ ಖೈನ್ ಎಂಬ ಕಿರುನದಿ ಜೊತೆಯಾಗುತ್ತದೆ. ಅದರ ಎರಡೂ ದಂಡೆಗಳಲ್ಲಿ ಸಣ್ಣ ರಸ್ತೆಗಳಿದ್ದು, ನದಿ ಹೊರಳಿದಂತೆ ಅವೂ ಹೊರಳುತ್ತವೆ. ಪೀಟ್ ಮೊಂಡ್ರಿಯಾನ್ ತನ್ನ ಚೌಕ ಮತ್ತು ನೇರಗೆರೆಗಳ ಚಿತ್ರಗಳಿಗೆ ಬರುವ ಮುನ್ನ ಈ ನದಿಯ ದಂಡೆಯ ಮರಗಳನ್ನೂ ಗಾಳಿಗಿರಣಿಯನ್ನೂ ಚಿತ್ರಿಸಿದ್ದ. ಡ್ರೀಮೊಂಡ್ ಹಳ್ಳಿಯ ಬಳಿ ಖೈನ್ ಮುಗಿಯುತ್ತದೆ, ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್–ರೈನ್ ಕಾಲುವೆಯ ಸೇತುವೆ ಹತ್ತಿ ಇಳಿದರೆ ವೇಸ್ಪ್. ಆ ಸೇತುವೆಯೊಂದೇ ಇಡೀ ದಾರಿಯಲ್ಲಿ ಏರು ಎನ್ನಬಹುದಾದದ್ದು.

ನನಗೆ ತೀರ ಇಷ್ಟವಾದ ದಾರಿ ರೊಂಡೆ ಹೂಪ್. ಔಡರ್‌ಕೆರ್ಕ್ ಊರಿನ ದಕ್ಷಿಣಕ್ಕೆ ಮಧ್ಯಯುಗದಿಂದಲೂ ಇರುವ ಈ ಹೆಚ್ಚುಕಡಿಮೆ ವೃತ್ತಾಕಾರದ ಪೋಲ್ಡರಿನ ಸುತ್ತ ಏರಿಯಗುಂಟ ಓಡಿ ಬಂದರೆ ಸುಮಾರು 17 ಕಿಲೋಮೀಟರ್ ಆಗುತ್ತದೆ. ಪಶ್ಚಿಮದಲ್ಲಿ ಆಮ್‌ಸ್ಟೆಲ್ ನದಿ, ಉಳಿದ ಬದಿಗಳಲ್ಲಿ ವಾವರ್ ಮುಂತಾದ ಕಿರುನದಿಗಳು. ಮನೆಗಳೆಲ್ಲ ಅಂಚಿನಲ್ಲಿವೆ, ನಡುಭಾಗದಲ್ಲಿ ಒಂದು ಮನೆಯಾಗಲಿ ಅಡ್ಡ ಹಾಯುವ ರಸ್ತೆಯಾಗಲಿ ಇಲ್ಲ, ಹೊಲಗಳ ಕಾಲುವೆಗಳು ಮಾತ್ರ ಅಂಚಿನಿಂದ ನಡುವಿನ ಕಡೆಗೆ ಕೂಡಿಕೊಳ್ಳುತ್ತ ಸಾಗುತ್ತವೆ. ಏರಿಯ ಮೇಲೆ ಓಡುವಾಗ ಒಂದು ಪಕ್ಕದಲ್ಲಿ ನದಿಯ ನೀರು ರಸ್ತೆಯಿಂದ ಸ್ವಲ್ಪವೇ ಕೆಳಗೆ ಕಾಣುತ್ತದೆ, ಇನ್ನೊಂದು ಪಕ್ಕದ ಹುಲ್ಲುಗಾವಲು ಅದಕ್ಕಿಂತಲೂ ತಗ್ಗಿನಲ್ಲಿದೆ. ನದಿಯಲ್ಲಿ ಸಾಗುವ ದೋಣಿ ಅತ್ತ ಮೇಯುವ ಹಸುಗಳ ಬೆನ್ನಿಗಿಂತ ಎತ್ತರದಲ್ಲಿ ತೇಲುವುದನ್ನು ನೋಡಿ ಇಂದಿಗೂ ನನಗೆ ಅಭ್ಯಾಸವಾಗಿಲ್ಲ. ಅರ್ಧ ಸುತ್ತು ಮುಗಿಸಿದ ಮೇಲೆ ಸುಸ್ತಾಯಿತೆಂದು ಅಡ್ಡದಾರಿ ಹಿಡಿದು ಮರಳುವಂತಿಲ್ಲವಾದ್ದರಿಂದ ನೀರಿನ ಬಾಟಲಿಯನ್ನು ಒಯ್ಯಲೇಬೇಕು. ಔಡರ್‌ಕೆರ್ಕ್ ಈ ವೃತ್ತದ ಉತ್ತರ ತುದಿಯಲ್ಲಿರುವುದರಿಂದ, ದಕ್ಷಿಣದ ಕಡೆಯಿಂದ ಗಾಳಿ ಬೀಸುವ ದಿನ ಯಾವ ಕಡೆಯಿಂದ ಹೊರಟರೂ ಮೊದಲರ್ಧ ಕಷ್ಟ, ಉಳಿದರ್ಧ ಹಗುರ. ಈಶಾನ್ಯದ ಒಣಗಾಳಿ ಬೀಸುವಾಗ ಇದು ತಿರುವುಮುರುವಾಗುತ್ತದೆ, ಆಗ ನಾನು ಅತ್ತ ಹೋಗುವುದಿಲ್ಲ.

ಬೇಮ್‌ಸ್ಟರ್‌ನ ರೀತಿಯೇ ಬೇರೆ. 1612ರಲ್ಲಿ ಗಾಳಿಗಿರಣಿಗಳಿಂದ ಸರೋವರವನ್ನು ಬತ್ತಿಸಿ ಪಡೆದ ಈ ನೆಲವನ್ನು ದಾರ ಹಿಡಿದು ಅಳೆದು ಚೌಕಗಳಾಗಿ ಹಂಚಿದರು. 180 ಮೀಟರ್ ಅಗಲ, 900 ಮೀಟರ್ ಉದ್ದದ ಐದು ಹೊಲಗಳು ಸೇರಿ ಒಂದು ಚೌಕ, ಅಂಥ ನಾಲ್ಕು ಚೌಕಗಳು ಸೇರಿ ಒಂದು ದೊಡ್ಡ ಚೌಕ. ಈ ವಿನ್ಯಾಸಕ್ಕಾಗಿಯೇ 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಓಡುವವರಿಗೆ ಇದರ ಉಪಯೋಗ ಸ್ಪಷ್ಟ: ದೊಡ್ಡ ಚೌಕವೊಂದರ ಸುತ್ತಳತೆ ಏಳು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು, ದೂರ ಹೆಚ್ಚಿಸಬೇಕೆಂದರೆ ಪಕ್ಕದ ಚೌಕವನ್ನು ಸೇರಿಸಿಕೊಂಡರಾಯಿತು. ಗಾಳಿ ಒಂದು ಬದಿಯಲ್ಲಿ ಎದೆಗೆ, ಮುಂದಿನದರಲ್ಲಿ ಭುಜಕ್ಕೆ, ಆಮೇಲೆ ಬೆನ್ನಿಗೆ ಎಂದು ಸರದಿಯಂತೆ ತಾಗುವುದರಿಂದ ಒಂದು ಬದಿಯನ್ನು ಬಿರುಸಿನ ಓಟಕ್ಕೂ ಇನ್ನೊಂದನ್ನು ನಿಧಾನದ ಓಟಕ್ಕೂ ಮೀಸಲಿಡಬಹುದು. ರಸ್ತೆಬದಿಯ ಸಾಲುಮರಗಳೂ ಅಷ್ಟಿಷ್ಟು ಮರೆ ಕೊಡುತ್ತವೆ. ಆದರೆ ರಸ್ತೆಗಳ ನೇರತನ ಮನಸ್ಸನ್ನು ದಣಿಸುತ್ತದೆ, ಎದುರಿನ ಟ್ರ್ಯಾಕ್ಟರ್ ಎಷ್ಟು ಹೊತ್ತು ಕಳೆದರೂ ಅದೇ ಗಾತ್ರದಲ್ಲಿರುತ್ತದೆ. ತಿರುವುಗಳಿರುವ ನದಿದಂಡೆಯನ್ನು ನಾನು ಯಾವತ್ತೂ ಮೇಲೆಂದು ಎಣಿಸುತ್ತೇನೆ.

ಸಮತಟ್ಟು ನೆಲ ಕಾಲಿಗೆ ಸುಲಭವೆಂಬ ನಂಬಿಕೆ ಅರ್ಧ ಸತ್ಯ. ಏರಿಳಿತವಿಲ್ಲದೆ ಸಾವಿರಾರು ಹೆಜ್ಜೆಗಳು ಒಂದೇ ಅಳತೆಯಲ್ಲಿ ಬೀಳುವುದರಿಂದ ಅದೇ ಸ್ನಾಯುಗಳು ಬಿಡುವಿಲ್ಲದೆ ದುಡಿಯುತ್ತವೆ, ಮೀನಖಂಡಗಳು ಬಿಗಿಯುತ್ತವೆ. ಜವುಗುಮಣ್ಣಿನ ಮೇಲಿನ ರಸ್ತೆಗಳು ಅಂಚಿನಲ್ಲಿ ಕುಸಿದು ಓರೆಯಾಗಿರುವುದರಿಂದ ಒಂದೇ ಬದಿಯಲ್ಲಿ ಬಹಳ ದೂರ ಓಡಿದರೆ ಒಂದು ಸೊಂಟಕ್ಕೆ ಪೆಟ್ಟು. ವಾಹನವಿಲ್ಲದ ಕಡೆ ರಸ್ತೆಯ ನಡುವನ್ನೋ ಪಕ್ಕದ ಹುಲ್ಲನ್ನೋ ಬಳಸುತ್ತೇನೆ. ಸೇತುವೆ ಸಿಕ್ಕಿದಲ್ಲಿ ಎರಡು ಮೂರು ಬಾರಿ ಹತ್ತಿ ಇಳಿಯುತ್ತೇನೆ.

ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವ ಈ ದಾರಿಗಳಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ, ಹಳ್ಳಿಯ ಏರಿಗಳ ಮೇಲೆ ದೀಪದ ಕಂಬಗಳು ವಿರಳ. ಕೊಯ್ಲಿನ ನಂತರ ಟ್ರ್ಯಾಕ್ಟರುಗಳು ಹೊತ್ತು ತಂದ ಕೆಸರಿನ ಮೇಲೆ ಮಳೆ ಬಿದ್ದರೆ ಡಾಂಬರು ಸಾಬೂನಿನಂತಾಗುತ್ತದೆ, ಇಬ್ಬನಿ ಹೆಪ್ಪುಗಟ್ಟಿದರೆ ಇಟ್ಟಿಗೆ ಹಾಸಿದ ದಾರಿ ಅದಕ್ಕಿಂತಲೂ ಅಪಾಯ. ಆ ತಿಂಗಳುಗಳಲ್ಲಿ ಪೋಲ್ಡರಿನ ಓಟವನ್ನು ಶನಿವಾರ, ಭಾನುವಾರಗಳ ನಡುಹಗಲಿಗೆ ಇಟ್ಟುಕೊಂಡು, ವಾರದ ಉಳಿದ ದಿನಗಳಲ್ಲಿ ಊರೊಳಗಿನ ದೀಪವಿರುವ ಬೀದಿಗಳಲ್ಲೇ ಓಡುತ್ತೇನೆ.