ಪೂರ್ವ-ಪಶ್ಚಿಮದ ಚಾವಣಿ, ಮೇಲೆ ಮರದ ನೆರಳು: ಆದರೂ ಸೋಲಾರ್ ಓಡಿತು

ಚಾವಣಿ ಪೂರ್ವಕ್ಕೂ ಪಶ್ಚಿಮಕ್ಕೂ ಇಳಿದಿದೆ, ಬೆಳಿಗ್ಗೆ ಮರದ ನೆರಳು ಬೇರೆ, ಇಲ್ಲಿ ಸೋಲಾರ್ ಹಾಕಿದರೆ ದುಡ್ಡು ದಂಡ. ಕೊಟೇಷನ್ ಕೊಡಲು ಬಂದವರೆಲ್ಲ ಹೇಳಿದ್ದು ಇದೇ. ಭೂಮಧ್ಯರೇಖೆಯ ಕಡೆ ಮುಖ ಮಾಡಿದ ಜಾಗ ಇಲ್ಲದಿದ್ದರೆ ಆಸೆ ಬಿಡಿ ಅಂದರು. ಈಗ ಎರಡು ವರ್ಷದ ಮೇಲಾಯಿತು. ಬಿಲ್ಲು ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ, ಅದೂ ಬ್ಯಾಟರಿ ಇಲ್ಲದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

450 ವ್ಯಾಟ್ ಆಸುಪಾಸಿನ 12 ಪ್ಯಾನೆಲ್, ಪೂರ್ವಕ್ಕೆ 6, ಪಶ್ಚಿಮಕ್ಕೆ 6. ಒಟ್ಟು 5.4 ಕಿಲೋವ್ಯಾಟ್. ಪ್ಯಾನೆಲ್ ಕೊಡುವ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಕರೆಂಟಾಗಿ ಮಾಡುವ ಇನ್ವರ್ಟರ್ ಮಾತ್ರ 4 ಕಿಲೋವ್ಯಾಟ್‌ನದು. ಪ್ಯಾನೆಲ್‌ಗಿಂತ ಇನ್ವರ್ಟರ್ ಚಿಕ್ಕದಾದರೆ ಸುಟ್ಟು ಹೋಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಹೋಗಲ್ಲ. ಸ್ಟ್ರಿಂಗ್ ಅಂದರೆ ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್ ಸಾಲು, ಅದರ ಒಟ್ಟು ವೋಲ್ಟೇಜ್ ಇನ್ವರ್ಟರ್‌ನ ಮಿತಿಯೊಳಗೆ ಇದ್ದರೆ, ಕಂಪನಿ ಅಷ್ಟು ಪ್ಯಾನೆಲ್‌ಗೆ ಒಪ್ಪಿಗೆ ಕೊಟ್ಟಿದ್ದರೆ ಸಾಕು, ಜಾಸ್ತಿ ಬಂದದ್ದನ್ನು ಅದು ತೆಗೆದುಕೊಳ್ಳುವುದೇ ಇಲ್ಲ. ವೋಲ್ಟೇಜ್ ಲೆಕ್ಕವನ್ನು ಚಳಿಗಾಲದ ಬೆಳಗಿಗೆ ಹಾಕಿ, ತಣ್ಣಗಿದ್ದಾಗಲೇ ಪ್ಯಾನೆಲ್ ವೋಲ್ಟೇಜ್ ಏರುವುದು. ಎರಡು ದಿಕ್ಕಿನ ಪ್ಯಾನೆಲ್‌ಗಳು ಒಟ್ಟಿಗೇ ತುತ್ತತುದಿ ಮುಟ್ಟಲ್ಲ, ಹಾಗಾಗಿ ಮಧ್ಯಾಹ್ನ ಕತ್ತರಿಸಿ ಹೋಗುವ ಕರೆಂಟು ನನ್ನ ಲೆಕ್ಕದಲ್ಲಿ ವರ್ಷಕ್ಕೆ ನೂರರಲ್ಲಿ ಒಂದೆರಡು ಪಾಲು. ದೊಡ್ಡ ಇನ್ವರ್ಟರ್‌ಗೆ ಕೊಡಬೇಕಿದ್ದ ದುಡ್ಡಲ್ಲಿ ಎರಡು ಪ್ಯಾನೆಲ್ ಜಾಸ್ತಿ ಬಂತು.

ಮೊದಲ ಕೆಲವು ವಾರ ಮಾತ್ರ ಹೊಟ್ಟೆ ಉರಿಯಿತು. ಕೂರಿಸಲು ಬಂದವರು ಕೇಬಲ್ ಉಳಿಸಲು 12 ಪ್ಯಾನೆಲ್‌ಗಳನ್ನೂ ಒಂದೇ ಸ್ಟ್ರಿಂಗಿಗೆ ಸೇರಿಸಿಬಿಟ್ಟಿದ್ದರು. ಬೆಳಿಗ್ಗೆ ಪಶ್ಚಿಮದ ಪ್ಯಾನೆಲ್ ಸಪ್ಪೆ, ಸಂಜೆ ಪೂರ್ವದ್ದು ಸಪ್ಪೆ. ಸರಣಿಯಲ್ಲಿ ಎಲ್ಲಕ್ಕೂ ಒಂದೇ ಕರೆಂಟ್ ಹರಿಯಬೇಕಲ್ಲ, ಸಪ್ಪೆ ಪ್ಯಾನೆಲ್ ಉಳಿದದ್ದನ್ನೂ ಕೆಳಗೆ ಎಳೆಯಿತು. ಒಳ್ಳೆ ಬಿಸಿಲಲ್ಲೂ ದಿನಕ್ಕೆ 14-15 ಯೂನಿಟ್ ದಾಟಲಿಲ್ಲ. ನೋಡಿದ್ರಾ, ಆಗಲ್ಲ ಅಂತ ಹೇಳಿದ್ವಲ್ಲ ಅಂದರು! ಇನ್ವರ್ಟರ್‌ಗೆ ಎರಡು ಎಂಪಿಪಿಟಿ (ಒಂದೊಂದು ಸ್ಟ್ರಿಂಗಿನಿಂದ ಆದಷ್ಟು ಹೆಚ್ಚು ಪವರ್ ಎಳೆಯುವ ಭಾಗ) ಇತ್ತು, ಒಂದು ಸುಮ್ನೆ ಖಾಲಿ ಕೂತಿತ್ತು. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಸ್ಟ್ರಿಂಗ್ ಮಾಡಿಸಿದೆ. ಕೇಬಲ್ ಖರ್ಚು ಚಿಲ್ಲರೆ. ಬಿಸಿಲಿನ ದಿನ 22-23 ಯೂನಿಟ್ ಬರಲು ಶುರುವಾಯಿತು. ಮತ್ತೆ ಜೋಡಿಸುವವರು ಮೊದಲು ಐಸೊಲೇಟರ್, ಅಂದರೆ ಪ್ಯಾನೆಲ್ ಕಡೆಯ ಡಿಸಿ ಸ್ವಿಚ್, ಆಫ್ ಮಾಡಿ. ಲೋಡ್ ಇರುವಾಗ ಡಿಸಿ ಕನೆಕ್ಟರ್ ಎಳೆದರೆ ಕಿಡಿ ಹಾರಿ ನಿಲ್ಲದೆ ಉರಿಯುತ್ತದೆ, ಎಸಿ ಕರೆಂಟಿನ ಥರ ಅಲ್ಲ.

ನೆರಳಿನ ವಿಷಯಕ್ಕೆ ಬರೋಣ. ಸೂರ್ಯ ಏರಿದಂತೆ ಮರದ ನೆರಳು ಪೂರ್ವದ ಇಳಿಜಾರಿನಲ್ಲಿ ಕೆಳಕ್ಕೆ ಸರಿಯುತ್ತದೆ, ಕೊನೆಗೆ ಬಿಡುವುದು ಸೂರಿನ ಅಂಚನ್ನು, ಒಂಬತ್ತೂವರೆ ಹೊತ್ತಿಗೆ. ಎಲ್ಲ ಪ್ಯಾನೆಲ್‌ಗೂ ಆಪ್ಟಿಮೈಸರ್ (ಒಂದು ಪ್ಯಾನೆಲ್ ಸಪ್ಪೆಯಾದರೂ ಉಳಿದದ್ದನ್ನು ಎಳೆಯದಂತೆ ಮಾಡುವ ಪುಟ್ಟ ಸಾಧನ) ಹಾಕಿ ಅಂದರು, ದರ ಕೇಳಿ ಬೇಡ ಅಂದೆ. ಕೆಳಗಿನ ಎರಡು ಪ್ಯಾನೆಲ್‌ಗಳನ್ನು ಅಡ್ಡ ಮಲಗಿಸಿದೆ, ಅಷ್ಟೇ. ಸಾಮಾನ್ಯವಾಗಿ ಒಂದು ಪ್ಯಾನೆಲ್‌ನಲ್ಲಿ ಮೂರು ಬೈಪಾಸ್ ಡಯೋಡ್ (ನೆರಳು ಬಿದ್ದ ಪಟ್ಟಿಯನ್ನು ಬಿಟ್ಟು ಕರೆಂಟು ಪಕ್ಕದಿಂದ ಹರಿಯಲು ಬಿಡುವವು) ಇರುತ್ತವೆ, ಸೆಲ್‌ಗಳ ಮೂರು ಪಟ್ಟಿ ಉದ್ದಕ್ಕೆ ಹೋಗುತ್ತವೆ. ಅಡ್ಡ ಮಲಗಿಸಿದರೆ ಕೆಳ ಅಂಚಿನ ನೆರಳು ಒಂದು ಪಟ್ಟಿಯನ್ನಷ್ಟೇ ಹಿಡಿಯುತ್ತದೆ, ಉಳಿದ ಎರಡು ದುಡಿಯುತ್ತವೆ. ನಿಲ್ಲಿಸಿ ಕೂರಿಸಿದರೆ ಅದೇ ನೆರಳಿಗೆ ಮೂರೂ ಸಿಗುತ್ತವೆ. ಇದನ್ನು ಒಪ್ಪಿಸುವುದಕ್ಕೆ ಫಿಟ್ಟರ್ ಜೊತೆ ಅರ್ಧ ದಿನ ವಾದ ಮಾಡಬೇಕಾಯಿತು.

ಬಿಸಿಲು ಜಾಸ್ತಿಯಾದಷ್ಟೂ ಕರೆಂಟು ಜಾಸ್ತಿ ಅಲ್ವಾ ಅಂತ ಕೇಳುವವರು ತುಂಬಾ. ಬೇಕಾದ್ದು ಬೆಳಕು, ಬಿಸಿ ಅಲ್ಲ. ಪ್ಯಾನೆಲ್ ಮೇಲಿನ ವ್ಯಾಟ್ ಸಂಖ್ಯೆ ಸೆಲ್ 25 ಡಿಗ್ರಿ ಇದ್ದಾಗಿನದು. ಸೆಕೆಗಾಲದ ಮಧ್ಯಾಹ್ನ ನನ್ನ ಪ್ಯಾನೆಲ್ ಬೆನ್ನಿನ ಬಿಸಿ 60 ದಾಟಿತ್ತು. ಡಿಗ್ರಿಗೆ ನೂರರಲ್ಲಿ ಸುಮಾರು 0.35 ಕಳೆಯಿತು ಅಂದುಕೊಂಡರೂ 12-13 ಪಾಲು ಹೋಯಿತು. ಹಾಗಾದರೆ ನೀರು ಚಿಮುಕಿಸಿ ತಣ್ಣಗೆ ಮಾಡಿದರೆ? ಅದನ್ನೂ ಮಾಡಿ ನೋಡಿದೆ. ಚಿಮುಕಿಸಿದ ಕೂಡಲೇ ಮೀಟರ್ ಏರುತ್ತದೆ, ನೋಡಲು ಖುಷಿ. ಆದರೆ ಪಂಪ್ ತಿಂದ ಕರೆಂಟು ಕಳೆದರೆ ಉಳಿದದ್ದು ಏನೂ ಇಲ್ಲ, ಗಡಸು ನೀರಿನ ಬಿಳಿ ಕಲೆ ಗಾಜಿನ ಮೇಲೆ ಕೂತಿತು, ತೆಗೆಯಲು ವಿನೆಗರ್ ಹಾಕಿ ಉಜ್ಜಿದ್ದಾಯಿತು. ಅದಕ್ಕಿಂತ ಲಾಭ ಕೊಟ್ಟದ್ದು ಇನ್ವರ್ಟರ್‌ನ ಜಾಗ ಬದಲಿಸಿದ್ದು. ಅದನ್ನು ಪಶ್ಚಿಮದ ಗೋಡೆಗೆ ಹಾಕಿ ಹೋಗಿದ್ದರು, ಸಂಜೆ ಬಿಸಿಲು ನೇರ ಬಡಿದು ಒಳಗೆ ಕಾದು ಅದು ತಾನೇ ಪವರ್ ಇಳಿಸಿಕೊಳ್ಳುತ್ತಿತ್ತು. ನೆರಳಿಗೆ, ಗಾಳಿ ಆಡುವ ಕಡೆ ಸರಿಸಿದ ಮೇಲೆ ಆ ಕಾಟ ತಪ್ಪಿತು.

ಮೋಡದ ದಿನ? ದಟ್ಟ ಮೋಡದಲ್ಲಿ 5-6 ಯೂನಿಟ್ ಬರುತ್ತದೆ, ತೆಳು ಮೋಡದಲ್ಲಿ ಅರ್ಧಕ್ಕಿಂತ ಜಾಸ್ತಿ.

ಬ್ಯಾಟರಿ ಬೇಡ ಅಂದದ್ದು ಯಾಕೆ ಅಂದರೆ, ಕೊಟೇಷನ್‌ನಲ್ಲಿ ಅದೊಂದೇ ಒಟ್ಟು ಖರ್ಚಿನ ಮೂರರಲ್ಲಿ ಒಂದು ಪಾಲಿನಷ್ಟಿತ್ತು. ಅದರ ಬದಲು ಹಗಲಿನ ಕರೆಂಟನ್ನು ಬಿಸಿ ನೀರು ಮಾಡಿ ಇಟ್ಟುಕೊಂಡೆ. 100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು 3.5 ಯೂನಿಟ್ ಬೇಕು, ಬೆಳಿಗ್ಗೆವರೆಗೂ ನೀರು ಸಾಕಷ್ಟು ಬಿಸಿ ಇರುತ್ತದೆ. ಗುಟ್ಟು ಇರುವುದು ಗೀಸರ್ ಒಳಗಿನ ಕಾಯಿಲ್‌ನಲ್ಲಿ. 2 ಕಿಲೋವ್ಯಾಟ್‌ನದನ್ನು ತೆಗೆಸಿ 1 ಕಿಲೋವ್ಯಾಟ್‌ನದು ಹಾಕಿಸಿದೆ, ನಿಧಾನಕ್ಕೆ ಕಾಯುತ್ತದೆ, ಆದರೆ ಅಷ್ಟನ್ನು ಪ್ಯಾನೆಲ್ಲೇ ಕೊಡುವುದರಿಂದ ಲೈನಿನಿಂದ ಹೆಚ್ಚುಕಮ್ಮಿ ಏನೂ ಎಳೆಯಲ್ಲ. ಪೂರ್ವದ ಸಾಲು ಬೆಳಿಗ್ಗೆ ಬಟ್ಟೆ ಒಗೆಯುವ ಮಶೀನ್ ನೋಡಿಕೊಳ್ಳುತ್ತದೆ, ಪಶ್ಚಿಮದ್ದು ಸಂಜೆ ಐದರವರೆಗೆ ಎಸಿ ಓಡಿಸುತ್ತದೆ. ವರ್ಷದ ಒಟ್ಟು ಲೆಕ್ಕದಲ್ಲಿ ಭೂಮಧ್ಯರೇಖೆಯ ಕಡೆ ಮುಖ ಮಾಡಿದ ಚಾವಣಿಗಿಂತ ನೂರಕ್ಕೆ ಹತ್ತು ಕಮ್ಮಿ ಇರಬಹುದು, ಆದರೆ ಮನೆಯಲ್ಲೇ ಬಳಕೆಯಾಗುವುದು ಜಾಸ್ತಿ, ದುಡ್ಡು ಉಳಿಯುವುದೇ ಅಲ್ಲಿ. ಮೋಡ ಬಂದು ಹೋಗುವ ದಿನ ಗೀಸರ್ ಯಾವಾಗ ಆನ್ ಆಗಬೇಕು ಅನ್ನುವುದಕ್ಕೆ ನಾನೊಂದು ಲೆಕ್ಕ ಕಟ್ಟಿಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಲೈನ್ ಹೋದರೆ ನನ್ನ ಮನೆಯಲ್ಲೂ ಕತ್ತಲೆಯೇ. ಇಷ್ಟು ಪ್ಯಾನೆಲ್ ಇಟ್ಟುಕೊಂಡು ಯಾಕೆ ಅಂತ ಬಂದವರು ಕೇಳ್ತಾರೆ. ಲೈನ್ ಸತ್ತಿದೆ ಅಂತ ಕಂಬ ಹತ್ತಿದವನಿಗೆ ನಮ್ಮ ಚಾವಣಿಯ ಕರೆಂಟು ಹೊಡೆಯಬಾರದಲ್ವಾ, ಅದಕ್ಕೇ ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಇಂಥ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಕರೆಂಟು ಪದೇ ಪದೇ ಹೋಗುವ ಕಡೆ ಇರುವವರು ಬ್ಯಾಟರಿಯನ್ನೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರನ್ನೇ ತೆಗೆದುಕೊಳ್ಳಿ, ಬ್ಯಾಟರಿ ಆಮೇಲೆ ಸೇರಿಸಬಹುದು.

ಹಾಕಿದ ದುಡ್ಡು ಈಗಿನ ಲೆಕ್ಕದಲ್ಲಿ ಆರೇಳು ವರ್ಷಕ್ಕೆ ವಾಪಸ್. ಪ್ಯಾನೆಲ್ 25 ವರ್ಷ ಬಾಳುತ್ತದೆ, ಇನ್ವರ್ಟರ್ ಅಷ್ಟು ಬಾಳಲ್ಲ, ನಡುವೆ ಒಮ್ಮೆ ಬದಲಿಸಬೇಕು. ಅದಕ್ಕೆ ಅಂತ ಪ್ರತಿ ತಿಂಗಳ ಉಳಿತಾಯದಿಂದ ಒಂದಿಷ್ಟು ಬೇರೆ ತೆಗೆದಿಡ್ತಿದ್ದೇನೆ.